ಗೆಣ್ಣಿಗಂಟಿದ ನೀಲಿ

"ಅದನ್ನ ಒರೆಸಬೇಡ!"

ಟೀಚರಮ್ಮ ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಒಂದು ಹನಿ ತೊಟ್ಟಿಕ್ಕಿ ಸತ್ತವನ ಬಲಗೈ ಮೇಲೆ ಬಿತ್ತು. ಭಾನುವಾರದ ಕಪ್ಪು ಕೋಟು ತೊಟ್ಟು ಅವನು ಮಂಚದ ಮೇಲೆ ಮಲಗಿದ್ದ. ಮುಖ ಒರೆಸಿಯಾಗಿತ್ತು, ಎಡಗೈ ಒರೆಸಿಯಾಗಿತ್ತು. ಉಳಿದದ್ದು ಬಲಗೈಯ ನಡುಬೆರಳಿನ ಗೆಣ್ಣು. ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ದಡ್ಡಿನ ಸೀಳುಗಳೊಳಗೆ ಸೂಜಿಮೊನೆಯಷ್ಟು ಸಣ್ಣ ನೀಲಿ ಚುಕ್ಕೆಗಳು ಇಂಗಿಹೋಗಿದ್ದವು.

"ಬಣ್ಣ ಅಮ್ಮಾ. ಎಲ್ಲೋ ತಾಗಿರಬೇಕು. ಹೀಗೇ ಕಳಿಸೋದಾ ಅಪ್ಪನ್ನ?"

"ಎಲ್ಲಿ ತಾಗಿದ್ದು ಅಂತ ಗೊತ್ತಾಗೋವರೆಗೂ ಅದು ಅಲ್ಲೇ ಇರಲಿ."

"ಅಂದ್ರೆ?"

"ಅಂದ್ರೆ ಗಿಂದ್ರೆ ಏನಿಲ್ಲ. ನಮ್ಮನೇಲಿ ನೀಲಿ ಬಣ್ಣ ಎಲ್ಲಿದೆ, ತೋರಿಸು ನೋಡೋಣ."

ಮಗಳು ತನಗರಿವಿಲ್ಲದೆ ಸುತ್ತ ಕಣ್ಣಾಡಿಸಿದಳು. ಬಾಗಿಲು ಕಂದು, ಕಿಟಕಿ ಕಂದು, ಅಡುಗೆಮನೆಯ ಕಪಾಟು ಹಸಿರು. ಅವಳು ಬಟ್ಟೆಯನ್ನು ಬೋಗುಣಿಗೆ ಹಾಕಿ ಎದ್ದು ಹೋದಳು.

ಟೀಚರಮ್ಮ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಪರೀಕ್ಷೆಯಲ್ಲಿ ಇಬ್ಬರು ಮಕ್ಕಳು ಒಂದೇ ಸರಿ ಉತ್ತರ ಬರೆದರೆ ಸುಮ್ಮನಿರುತ್ತಿದ್ದಳು. ಒಂದೇ ತಪ್ಪು ಬರೆದರೆ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಅಂಥವಳ ಕಣ್ಣೆದುರಿಗೇ ಹತ್ತೊಂಬತ್ತು ವರ್ಷದಿಂದ ಮೂರು ಸಂಗತಿಗಳು ಬಿದ್ದುಕೊಂಡಿದ್ದವು. ಒಂದು, ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಗಂಡ ಒಂದು ಗಂಟೆ ಎಲ್ಲೋ ಮಾಯವಾಗುತ್ತಿದ್ದ. ಎರಡು, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಹೋದರೂ ಅವನು ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಮೂರು, ಈ ನೀಲಿ. ಮೂರನ್ನೂ ಕೂಡಿಸಿದರೆ ಬರುವ ಉತ್ತರ ಯಾವುದೆಂದು ಹೇಳಲು ಲೆಕ್ಕದ ಟೀಚರೇ ಆಗಬೇಕಾಗಿರಲಿಲ್ಲ.

ಅವನು ತೀರಿಕೊಂಡದ್ದು ಶನಿವಾರ ಸಂಜೆ, ಮರುದಿನ ಆರಾಧನೆಗೆ ಹೋಗಲು ಬೂಟು ಉಜ್ಜುತ್ತಾ ಕೂತಿದ್ದಾಗ. ಒಂದು ಬೂಟು ಹೊಳೆಯುತ್ತಿತ್ತು, ಇನ್ನೊಂದು ಹಾಗೇ ಇತ್ತು. ಇವತ್ತು ಸೋಮವಾರ, ಮೂರು ಗಂಟೆಗೆ ಮಣ್ಣು.

"ಅಕ್ಕಾ," ತಂಗಿ ಬಾಗಿಲಲ್ಲಿ ಇಣುಕಿದಳು, "ಪೆಟ್ಟಿಗೆಯವರು ಬಂದಿದ್ದಾರೆ. ಉದ್ದ ಸಾಕಾಗುತ್ತಾ ಅಂತ ಕೇಳ್ತಿದಾರೆ. ಭಾವ ಇಷ್ಟು ಉದ್ದ ಇದ್ರು ಅಂತ ನನಗಂತೂ ಇವತ್ತೇ ಗೊತ್ತಾಗಿದ್ದು. ಯಾವಾಗ ನೋಡಿದ್ರೂ ಯಾರ್ಡಲ್ಲಿ ರೈಲಿನ ಗಾಲಿ ನೋಡೋ ಹಾಗೆ ಬಗ್ಗಿಕೊಂಡೇ ಇರ್ತಿದ್ರು."

"ಪೆಟ್ಟಿಗೆ ಇಟ್ಟು ಹೋಗಲಿ. ಮುಚ್ಚೋದು ನಾನು ಹೇಳಿದಾಗ."

"ಮುಚ್ಚೋಕೂ ನಿನ್ನ ಅಪ್ಪಣೆ ಬೇಕಾ?"

"ಬೇಕು."

ತಂಗಿ ಪೆಟ್ಟಿಗೆಯವರಿಗೆ ಹೇಳಲು ಹೊರಗೆ ಹೋದಳು.

ಹನ್ನೊಂದಕ್ಕೆ ಸಭಾಪಾಲಕರು ಬಂದರು. ಇನ್ನೂ ಚಿಕ್ಕ ವಯಸ್ಸು. ಈ ಸಭೆಗೆ ಬಂದು ಮೂರು ವರ್ಷವಾಗಿತ್ತು. ಪ್ರಾರ್ಥನೆ ಮುಗಿಸಿ, ಸ್ಟೂಲು ಎಳೆದುಕೊಂಡು ಟೀಚರಮ್ಮನ ಹತ್ತಿರ ಕೂತರು.

"ಅಮ್ಮಾ, ಮಧ್ಯಾಹ್ನ ಅವರ ಬಗ್ಗೆ ನಾಲ್ಕು ಮಾತಾಡಬೇಕು. ಒಳ್ಳೆಯವರು, ಜೋರು ದನಿಯಲ್ಲಿ ಮಾತಾಡಿದವರಲ್ಲ, ಒಂದು ಭಾನುವಾರ ತಪ್ಪಿಸಿದವರಲ್ಲ. ಇಷ್ಟು ನನಗೇ ಗೊತ್ತು. ಆದರೆ..."

"ಆದರೆ ಕರ್ತನ ಭೋಜನಕ್ಕೆ ಎದ್ದು ಬರ್ತಿರಲಿಲ್ಲ. ಅದನ್ನ ಏನಂತ ಹೇಳೋದು ಅಂತ ತಾನೇ?"

ಸಭಾಪಾಲಕರು ಕತ್ತು ಕೆರೆದುಕೊಂಡರು. "ಜನ ಕೇಳ್ತಾರಮ್ಮಾ. ಬೆಳಿಗ್ಗೆಯಿಂದ ಇಬ್ಬರು ಕೇಳಿಯಾಯ್ತು. ನಾನೂ ಒಂದು ಸಲ ಅವರನ್ನೇ ಕೇಳಿದ್ದೆ. 'ಒಂದು ಕೆಲಸ ಬಾಕಿ ಇದೆ ಅಯ್ಯನವರೇ, ಅದು ಮುಗಿದ ದಿನ ಎಲ್ಲರಿಗಿಂತ ಮುಂದೆ ನಾನೇ ಬಂದು ನಿಲ್ತೀನಿ' ಅಂದ್ರು. ಯಾವ ಕೆಲಸ ಅಂತ ನಿಮಗೇನಾದ್ರೂ..."

"ಹತ್ತೊಂಬತ್ತು ವರ್ಷದಿಂದ ನಾನೂ ಅದನ್ನೇ ಕೇಳ್ತಿದೀನಿ ಅಯ್ಯನವರೇ."

"ಹಾಗಾದರೆ ನಾನು ಏನು ಹೇಳಲಿ?"

"ಗೊತ್ತಿಲ್ಲದ್ದನ್ನ ಹೇಳಬೇಡಿ. ನಿರ್ಮಲ ಹೃದಯ, ನಿಷ್ಕಪಟಿ ಅಂತೆಲ್ಲ ಪೆಟ್ಟಿಗೆ ಮುಂದೆ ನಿಂತು ಹೇಳಿಬಿಟ್ಟರೆ, ನಾನು ಎದ್ದು ನಿಂತು ಅಲ್ಲ ಅಂದುಬಿಡ್ತೀನಿ."

ಸಭಾಪಾಲಕರು ಬರೆದು ತಂದಿದ್ದ ಚೀಟಿಯಲ್ಲಿ ಎರಡು ಸಾಲು ಹೊಡೆದುಹಾಕಿದರು. ಟೀಚರಮ್ಮನ ಮನಸ್ಸು ಆ ಬೆಂಚಿಗೆ ಹೋಗಿತ್ತು. ತಿಂಗಳಿಗೊಮ್ಮೆ ಸಾಲುಸಾಲಾಗಿ ಜನ ಏಳುವಾಗ ಅವನು ಅವಳಿಗೆ ದಾರಿ ಬಿಡಲು ಮೊಣಕಾಲುಗಳನ್ನು ಒಂದು ಪಕ್ಕಕ್ಕೆ ತಿರುಗಿಸುತ್ತಿದ್ದ. ಆ ಮೊಣಕಾಲುಗಳನ್ನು ದಾಟಿ ಇನ್ನೂರಕ್ಕೂ ಹೆಚ್ಚು ಸಲ ಅವಳು ಒಬ್ಬಳೇ ಮುಂದೆ ಹೋಗಿದ್ದಳು. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಏಳುತ್ತಿದ್ದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಮೊಣಕಾಲೂರಿ, 'ಕರ್ತನೇ, ಇವರು ಸಿಕ್ಕಿಬೀಳೋ ಹಾಗೆ ಮಾಡು' ಎಂದು ಬೇಡಿಕೊಳ್ಳುತ್ತಿದ್ದಳು. ಬಾಯಲ್ಲಿ ರೊಟ್ಟಿಯ ತುಣುಕು ಕರಗುವ ಮುಂಚೆಯೇ ಅಂಥ ಪ್ರಾರ್ಥನೆಗೆ ನಾಚಿಕೆಯಾಗುತ್ತಿತ್ತು. ಮುಂದಿನ ತಿಂಗಳು ಮತ್ತೆ ಅದನ್ನೇ ಬೇಡುತ್ತಿದ್ದಳು.

*

ರೈಲ್ವೆ ಯಾರ್ಡಿನಲ್ಲಿ ಗಂಡನ ಕೆಲಸ ಗಾಲಿ ಬಡಿಯುವುದಾಗಿತ್ತು. ನಿಂತ ಗೂಡ್ಸ್ ರೈಲಿನ ಒಂದು ಮಗ್ಗುಲಿಗೆ ಅವನು, ಇನ್ನೊಂದು ಮಗ್ಗುಲಿಗೆ ಅವನ ಜೊತೆಗಾರ. ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಗಾಲಿಗೂ ಒಂದು ಏಟು. ಗಟ್ಟಿ ಗಾಲಿಯಾದರೆ ಗಂಟೆಯಂತೆ ಉಲಿಯುತ್ತಿತ್ತು. ಒಳಗೆ ಬಿರುಕಿದ್ದರೆ ಸದ್ದು ಮೊಂಡಾಗುತ್ತಿತ್ತು. ಆಗ ಸುಣ್ಣದ ಕಡ್ಡಿಯಿಂದ ಅದರ ಮೇಲೆ ಅಡ್ಡಗೀಟು ಎಳೆದು, ಆ ಡಬ್ಬಿಯನ್ನು ರೈಲಿನಿಂದ ಬಿಡಿಸುತ್ತಿದ್ದರು. ನಡುವೆ ಡಬ್ಬಿಗಳ ಗೋಡೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಈ ಕಡೆಯಿಂದ ಒಂದು ಏಟು, ಆ ಕಡೆಯಿಂದ ಉತ್ತರವಾಗಿ ಒಂದು ಏಟು. ಹೀಗೆ ಇಂಜಿನಿನಿಂದ ಕೊನೆಯ ಡಬ್ಬಿಯವರೆಗೆ ಒಬ್ಬರನ್ನೊಬ್ಬರು ಕಿವಿಯಲ್ಲೇ ಹಿಡಿದುಕೊಂಡು ನಡೆಯಬೇಕು. ಎಲ್ಲ ಮುಗಿದ ಮೇಲೆ ಹಿರಿಯನಾದ ಅವನು ಹಸಿರು ಬಾವುಟ ತೋರಿಸಿದರೆ ರೈಲು ಹೊರಡುತ್ತಿತ್ತು.

ಜೊತೆಗಾರ ಹತ್ತು ವರ್ಷ ಚಿಕ್ಕವನು. ಸ್ವಂತ ತಮ್ಮನಲ್ಲದಿದ್ದರೂ ಇವನು ಅವನನ್ನು ಕರೆಯುತ್ತಿದ್ದದ್ದು 'ತಮ್ಮಾ' ಎಂದೇ; ಟೀಚರಮ್ಮ ಅವನಿಗೆ ಅತ್ತಿಗೆ. ಊಟಕ್ಕೆ ಬಂದ ದಿನ ಮನೆಯಲ್ಲಿ ನಗುವಿಗೆ ಬರವಿರುತ್ತಿರಲಿಲ್ಲ.

"ಅತ್ತಿಗೆ, ಈ ಪೇಪರ್ ಹಿಡ್ಕೊಳ್ಳಿ ಮಧ್ಯೆ. ಅಣ್ಣ ಯಾವ ಲೋಟ ಬಡಿದ್ರೂ ನೋಡದೇ ಹೇಳ್ತೀನಿ."

ಅವಳು ಮೇಜಿನ ನಡುವೆ ದಿನಪತ್ರಿಕೆ ಅಗಲಿಸಿ ಹಿಡಿಯುತ್ತಿದ್ದಳು. ಈ ಕಡೆ ಗಂಡ ಚಮಚದಿಂದ ಒಂದು ಲೋಟ ಬಡಿಯುತ್ತಿದ್ದ; ಅವನ ಏಟು ಅಡಗುವ ಮುಂಚೆ ಆ ಕಡೆಯಿಂದ ಅಂಥದ್ದೇ ಲೋಟ ಉತ್ತರ ಕೊಡುತ್ತಿತ್ತು. ಒಮ್ಮೆಯೂ ತಪ್ಪುತ್ತಿರಲಿಲ್ಲ.

"ನಿಮ್ಮಿಬ್ಬರ ಮಧ್ಯೆ ನಾನೇ ಗೂಡ್ಸ್ ರೈಲು," ಎನ್ನುತ್ತಿದ್ದಳು ಟೀಚರಮ್ಮ. "ಕೈ ನೋಯ್ತಿದೆ, ಬೇಗ ಬಾವುಟ ತೋರಿಸ್ರಪ್ಪಾ!"

ಗಂಡನಿಗೆ ಮನೆಯಲ್ಲೂ ಒಂದು ತಟ್ಟುವ ಅಭ್ಯಾಸವಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಹಿತ್ತಲ ಬಾಗಿಲ ಬಳಿ ಕಬ್ಬಿಣದ ಕುರ್ಚಿ ಹಾಕಿಕೊಂಡು, ಸತ್ಯವೇದವನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದ. ಕೊನೆಗೆ ಎರಡು ಬೆರಳಿನಿಂದ ತನ್ನ ಎದೆ ತಟ್ಟಿ, ಕತ್ತು ಓರೆ ಮಾಡಿ ಆಲಿಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅದನ್ನು ಕಂಡು ಬಿದ್ದು ಬಿದ್ದು ನಗುತ್ತಿದ್ದಳು.

"ಅಪ್ಪಾ, ಇಂಜಿನ್ ಚೆಕ್ ಮಾಡ್ತಿದೀರಾ?"

"ಇಂಜಿನ್ ಅಲ್ಲಮ್ಮಾ, ಗಾಲಿ. ಗಟ್ಟಿ ಗಾಲಿ ಅಂದ್ರೆ ದಪ್ಪ ಗಾಲಿ ಅಲ್ಲ, ಬಿರುಕಿಲ್ಲದ್ದು. ಬಿರುಕು ಕಣ್ಣಿಗೆ ಕಾಣಲ್ಲ. ದಿನಾ ತಟ್ಟಿ ಕೇಳಬೇಕು. ನಿನ್ನೆ ಕೇಳಿದ್ದು ಇವತ್ತಿಗೆ ಬರಲ್ಲ."

*

ಹನ್ನೆರಡಕ್ಕೆ ಯಾರ್ಡಿನ ಹಳೇ ಮೇಸ್ತ್ರಿ ಬಂದ. ಎಂಬತ್ತು ದಾಟಿದವನು, ಕಬ್ಬಿಣದ ಸದ್ದಿನಲ್ಲೇ ಬದುಕಿ ಕಿವಿ ಮಂದವಾಗಿತ್ತು. ಹಾಗಾಗಿ ಅವನ ಗುಟ್ಟೂ ಬೀದಿಗೆ ಕೇಳುತ್ತಿತ್ತು.

"ಬಂಗಾರದ ಮನುಷ್ಯ!" ಎಂದು ಅವನು ಮಂಚದ ಪಕ್ಕ ನಿಂತು ಕೂಗಿದ. "ತಪ್ಪು ಮಾಡದೇ ಇದ್ರೂ ಕೊರಗಿದ ನೋಡಿ ಟೀಚರಮ್ಮಾ. ಆ ಗೂಡ್ಸ್ ರೈಲಿನ ಆಕ್ಸಿಡೆಂಟ್ ಆದ ಮೇಲೆ ಎರಡು ಸಲ ದೊಡ್ಡ ಆಫೀಸಿಗೆ ಹೋಗಿದ್ದ. ತನ್ನ ಹೇಳಿಕೆ ತಿದ್ದಬೇಕು ಅಂತ."

ಟೀಚರಮ್ಮನ ಕಿವಿ ನಿಮಿರಿತು. "ತಿದ್ದೋದಾ? ಏನನ್ನ?"

"ಹಾಂ?"

"ಏನು ತಿದ್ದಬೇಕಿತ್ತಂತೆ?" ಅವಳೂ ಕೂಗಿದಳು. ಹೊರಗೆ ಕುರ್ಚಿಗಳಲ್ಲಿ ಕೂತಿದ್ದವರ ಮಾತು ನಿಂತಿತು.

"ಅದನ್ನ ನನಗೆ ಹೇಳಲಿಲ್ಲ. ಸಾಹೇಬರು ಫೈಲು ಮುಚ್ಚಿಯಾಯ್ತು, ಹೋಗಿ ಕೆಲಸ ನೋಡ್ಕೋ ಅಂತ ಓಡಿಸಿದ್ರು. ಮೂರನೇ ಸಲ ಹೋಗೋನಿದ್ದ, ನಾನೇ ತಡೆದೆ. ಹೆಂಡತಿ ಮಕ್ಕಳಿರೋನು, ಇದ್ದ ಕೆಲಸ ಕಳ್ಕೋಬೇಡ ಅಂದೆ." ಮೇಸ್ತ್ರಿ ಕೈ ಮುಗಿದು ಹೊರಗೆ ಹೋದ.

ಟೀಚರಮ್ಮ ಗಂಡನ ಮುಖ ನೋಡಿದಳು. ಆಫೀಸಿಗೆ ಹೋಗಿದ್ದ ಸಂಗತಿಯೂ ಇವತ್ತೇ ತಿಳಿದದ್ದು. ಇನ್ನೂ ಏನೇನು ಇಟ್ಟುಕೊಂಡು ಮಲಗಿದ್ದೀರಿ?

*

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಮಂಜಿನ ಬೆಳಗ್ಗೆ, ಅವರಿಬ್ಬರೂ ಬಡಿದು ಕಳಿಸಿದ ಗೂಡ್ಸ್ ರೈಲಿನ ಗಾಲಿಯೊಂದು ದಾರಿಯಲ್ಲಿ ಸೀಳಿತು. ನಾಲ್ಕು ಡಬ್ಬಿ ಮಗುಚಿದವು, ಗಾರ್ಡ್ ಸತ್ತ. ಸೀಳಿದ್ದು ತಮ್ಮನ ಕಡೆಯ ಗಾಲಿ. ತಾನು ಎಲ್ಲ ಗಾಲಿಯನ್ನೂ ಬಡಿದಿದ್ದೇನೆಂದು ತಮ್ಮ ಆಣೆಯಿಟ್ಟು ಹೇಳಿದ. ವಿಚಾರಣೆಯವರು ಅಣ್ಣನನ್ನು ಕೇಳಿದರು: ನಿನ್ನ ಜೊತೆಗಾರ ಎಲ್ಲವನ್ನೂ ಬಡಿದನೇ?

"ನಡುವೆ ಒಂದು ಏಟು ಕೇಳಿಸಲಿಲ್ಲ" ಎಂದ ಅವನು.

ಅಷ್ಟೇ ಮಾತು. ಆ ಒಂದು ಮಾತಿಗೆ ತಮ್ಮನ ಕೆಲಸ ಹೋಯಿತು. ವಸತಿಗೃಹ ಖಾಲಿ ಮಾಡಿ ಅವನು ಊರು ಬಿಟ್ಟನೆಂದು ಯಾರೋ ಹೇಳಿದರು. ಟೀಚರಮ್ಮ ನಂಬಿದಳು, ಆಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ವಿಚಾರಣೆ ಮುಗಿಸಿ ಬಂದ ಸಂಜೆ ಗಂಡ ಕೋಟು ಬಿಚ್ಚದೆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಎದೆ ತಟ್ಟಿದ. ಆಲಿಸಿದ. ಮತ್ತೆ ತಟ್ಟಿದ.

"ನಿಜ ತಾನೇ ಹೇಳಿದ್ದು? ಮತ್ತೆ ಯಾಕೆ ಹೀಗೆ ಕೂತಿದೀರಿ?" ಎಂದಳು ಅವಳು.

"ನಿಜವೇ ಹೇಳಿದೆ."

"ಮತ್ತೆ?"

ಅವನು ಕೋಟಿನ ಗುಂಡಿ ಬಿಚ್ಚಿದ. ಆಮೇಲೆ, "ಇನ್ನೊಂದು ಮಾತಿದೆ. ಮೊದಲು ಹೇಳಬೇಕಾದವರಿಗೆ ಹೇಳಿ ಬರ್ತೀನಿ. ಆಮೇಲೆ ನಿನಗೆ ಹೇಳ್ತೀನಿ" ಎಂದ.

ಆ ಭಾನುವಾರದಿಂದ ಅವನು ಮಾಯವಾಗತೊಡಗಿದ. ಆ ತಿಂಗಳಿಂದ ಬೆಂಚು ಬಿಟ್ಟು ಏಳುವುದನ್ನು ನಿಲ್ಲಿಸಿದ. ಹೆಂಡತಿಗಿಂತ ಮೊದಲು ಹೇಳಬೇಕಾದವರು ಯಾರು? ಈ ಒಂದು ಪ್ರಶ್ನೆ ಟೀಚರಮ್ಮನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಹತ್ತು ಹನ್ನೆರಡು ವರ್ಷದ ಹಿಂದೆ ಒಮ್ಮೆ ಅವನ ಹಿಂದೆಯೇ ಹೋಗಿದ್ದಳು. ಒಂದು ಕಿರಿದಾದ ಬೀದಿಯ ತಿರುವಿನಲ್ಲಿ ಅವನು ಮರೆಯಾದ. ಆ ಕಡೆಯಿಂದ ಹೆಂಗಸೊಬ್ಬಳು ಗೊಗ್ಗರು ದನಿಯಲ್ಲಿ ಗಹಗಹಿಸಿ ನಕ್ಕದ್ದು ಕೇಳಿಸಿತು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಎಲ್ಲ ತಿಳಿಯುತ್ತಿತ್ತು. ತಿಳಿದ ಮೇಲೆ ಮಾಡುವುದೇನು? ಅವಳು ಹಿಂದಿರುಗಿ ಬಂದು ಅಡುಗೆಗೆ ನಿಂತಿದ್ದಳು.

*

"ಅಕ್ಕಾ, ಅದ್ಯಾರು?" ತಂಗಿ ಕಿವಿಯಲ್ಲಿ ಉಸುರಿದಳು. "ನಮ್ಮ ಕಡೆಯವರಲ್ಲ, ಭಾವನ ಕಡೆಯವರಲ್ಲ, ಸಭೆಯವರೂ ಅಲ್ಲ. ಅಳೋದು ನೋಡಿದ್ರೆ ನಮಗಿಂತ ಹತ್ತಿರದವಳ ಹಾಗಿದೆ."

ಆಗಲೇ ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅವನ ಕಾಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಅರವತ್ತರ ಆಸುಪಾಸು, ದಪ್ಪ ತೋಳು, ತೋಳಿನ ಮೇಲೆ ಅಲ್ಲಲ್ಲಿ ಹಳೇ ಸುಟ್ಟ ಗುರುತು. ಮೂಗು ಒರೆಸಿಕೊಳ್ಳುತ್ತಾ ಪಕ್ಕದವರಿಗೆ ಏನೋ ಹೇಳಿದಳು. ಗೊಗ್ಗರು ದನಿ.

ಟೀಚರಮ್ಮನಿಗೆ ಗೊತ್ತಾಯಿತು: ಆ ತಿರುವಿನಾಚೆ ನಕ್ಕದ್ದು ಇದೇ ದನಿ. ಆಮೇಲೆ ಮನಸ್ಸು ವಿಚಿತ್ರವಾಗಿ ತಣ್ಣಗಾಯಿತು. ಸರಿ, ಉತ್ತರವೇ ಮನೆ ಬಾಗಿಲಿಗೆ ಬಂದಿದೆ. ಅವಳು ಹೋಗಿ ಆ ಹೆಂಗಸಿನ ಮೊಣಕೈ ಹಿಡಿದಳು.

"ಸ್ವಲ್ಪ ಒಳಗೆ ಬನ್ನಿ."

ಅಡುಗೆಮನೆಯ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಎಷ್ಟು ವರ್ಷದಿಂದ?"

"ಏನಮ್ಮಾ ಎಷ್ಟು ವರ್ಷದಿಂದ?"

"ಅವರು ನಿಮ್ಮನೆಗೆ ಬರೋದು."

"ನಮ್ಮನೆಗಾ?" ಹೆಂಗಸು ಕಣ್ಣರಳಿಸಿದಳು. ಅರ್ಥವಾದ ಕೂಡಲೇ ನಗು ಉಕ್ಕಿಬಂತು. ಸಾವಿನ ಮನೆ ಎಂಬುದು ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ನ ತಾಯೀ! ಈ ಮುಖಕ್ಕಾ? ನಾನು ಬಟ್ಟೆ ಇಸ್ತ್ರಿ ಮಾಡೋಳು. ಅವರು ಬರ್ತಿದ್ದಿದ್ದು ನಮ್ಮ ಅಂಗಡಿ ಎದುರು ಮನೆಗೆ. ನೀಲಿ ಬಾಗಿಲಿನ ಮನೆಗೆ."

"ನೀಲಿ..." ಟೀಚರಮ್ಮ ಬಾಗಿಲಿನಿಂದ ಬೆನ್ನು ತೆಗೆದಳು. "ಆ ಮನೇಲಿ ಯಾರಿದ್ದಾರೆ?"

"ಯಾರಿದ್ದಾರೆ, ಒಬ್ಬ ಒಂಟಿ ಮನುಷ್ಯ. ಛತ್ರಿ ರಿಪೇರಿ, ಬೀಗ ರಿಪೇರಿ ಮಾಡ್ಕೊಂಡಿದ್ದಾನೆ. ಮೊದಲು ರೈಲ್ವೆಲಿ ಗಾಲಿ ಬಡೀತಿದ್ದನಂತೆ."

ಟೀಚರಮ್ಮ ಪಕ್ಕದಲ್ಲಿದ್ದ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟಳು.

ಇಸ್ತ್ರಿಯವಳಿಗೆ ಕೇಳುವವರು ಸಿಕ್ಕರೆ ಸಾಕಾಗಿತ್ತು. "ವಾರವೆಲ್ಲ ಆ ಬಾಗಿಲು ತೆರೆದೇ ಇರುತ್ತಮ್ಮಾ. ಭಾನುವಾರ ಹನ್ನೊಂದಾಯ್ತು ಅಂದ್ರೆ ಒಳಗಿನಿಂದ ಚಿಲಕ! ಹನ್ನೊಂದೂಕಾಲಿಗೆ ನಿಮ್ಮೆಜಮಾನರು ಬಂದು ಮೂರು ಸಲ ತಟ್ಟೋರು. ಬಾಗಿಲಿಗೆ ಕಿವಿ ಇಟ್ಟು ನಿಲ್ಲೋರು. ಒಂದೇ ಮಾತು ಹೇಳೋರು. ಬಿಸಿಲಲ್ಲಿ, ಮಳೇಲಿ ಅಷ್ಟು ಹೊತ್ತು ನಿಂತು ಹೋಗೋರು. ನಾನೇ ಒಂದು ಸಲ ತಮಾಷೆ ಮಾಡಿದ್ದೆ, 'ಬುಧವಾರ ಬನ್ನಿ ಸ್ವಾಮೀ, ಬಾಗಿಲು ತೆರೆದಿರುತ್ತೆ, ನುಗ್ಗಿಬಿಡಿ' ಅಂತ. 'ನಾನು ನುಗ್ಗಿದ್ರೆ ಅವನು ತೆಗೆದ ಹಾಗಾಗಲ್ಲಮ್ಮಾ' ಅಂದ್ರು. ನನಗೆ ನಗು ತಡೆಯೋಕೇ ಆಗಲಿಲ್ಲ."

"ಒಂದೇ ಮಾತು ಅಂದ್ರಲ್ಲ, ಯಾವ ಮಾತು?"

"ನನಗೆ ಬಾಯಿಪಾಠ ಆಗಿಹೋಗಿದೆ. ಅರ್ಥ ಮಾತ್ರ ಇವತ್ತಿಗೂ ಆಗಿಲ್ಲ." ಅವಳು ದನಿ ತಗ್ಗಿಸಿದಳು. "'ತಮ್ಮಾ, ಒಂದು ಏಟು ತಪ್ಪಿದ್ದು ನನಗೆ ಆಗಲೇ ಗೊತ್ತಾಯ್ತು. ಗೊತ್ತಿದ್ದೂ ಬಾವುಟ ತೋರಿಸಿದೆ. ಅದನ್ನ ಅಲ್ಲಿ ಹೇಳಲಿಲ್ಲ.' ಇಷ್ಟೇ. ಪ್ರತಿ ವಾರ ಇಷ್ಟೇ."

ಒಲೆಯ ಮೇಲೆ ಚಹಾದ ನೀರು ಕೊತಕೊತ ಕುದಿಯುತ್ತಿತ್ತು. ಇಬ್ಬರೂ ಒಲೆ ಆರಿಸಲಿಲ್ಲ.

ಹಾಗಾದರೆ ಅವನು ನಿಜ ಹೇಳಿದ್ದ, ಅರ್ಧ ನಿಜ. ತಪ್ಪಿದ ಏಟನ್ನು ತಮ್ಮನ ತಲೆಗೆ ಕಟ್ಟಿ, ಅದನ್ನು ಕೇಳಿಸಿಕೊಂಡ ಕಿವಿಯನ್ನು ಬಚ್ಚಿಟ್ಟುಕೊಂಡು ಮನೆಗೆ ಬಂದಿದ್ದ. ಆ ಬೆಳಿಗ್ಗೆ ಒಂದು ಮಾತು ಕೂಗಿ ಕೇಳಿದ್ದರೆ ರೈಲು ನಿಲ್ಲುತ್ತಿತ್ತು. ಗಾರ್ಡ್ ಬದುಕುತ್ತಿದ್ದ. ಹೆಂಗಸೊಬ್ಬಳ ಸಹವಾಸವೇ ಆಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎನಿಸಿತು ಟೀಚರಮ್ಮನಿಗೆ. ಬೈದು, ಅತ್ತು, ಮುಗಿಸಬಹುದಿತ್ತು.

"ನೀವು ಅತ್ತಿದ್ದು ಯಾಕೆ?" ಎಂದು ಕೇಳಿದಳು. ಅನುಮಾನ ಅಷ್ಟು ಬೇಗ ಸಾಯುವಂಥದ್ದಲ್ಲ.

"ನಿನ್ನೆ ಅವರು ಬರಲಿಲ್ಲವಲ್ಲ ಅಮ್ಮಾ. ಹನ್ನೊಂದೂಕಾಲಾಯ್ತು, ಹನ್ನೊಂದೂವರೆ ಆಯ್ತು. ನನಗೇ ಇಸ್ತ್ರಿ ಮೇಲೆ ಮನಸ್ಸು ನಿಲ್ಲಲಿಲ್ಲ, ಒಂದು ಅಂಗಿ ಸುಟ್ಟೆ. ಆಗ ನೋಡಿ, ಚಿಲಕ ತೆಗೆದ ಸದ್ದು. ಭಾನುವಾರ ಆ ಹೊತ್ತಲ್ಲಿ ಆ ಬಾಗಿಲು ತೆಗೆದಿದ್ದನ್ನ ನಾನು ನೋಡೇ ಇಲ್ಲ. ಅವನು ಹೊಸಲಿನ ಮೇಲೆ ನಿಂತು ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. 'ಯಾಕೆ ಬರಲಿಲ್ಲ?' ಅಂತ ನನ್ನನ್ನ ಕೇಳಿದ. ನನ್ನನ್ನ ಕೇಳಿದ್ರೆ? ಇವತ್ತು ಬೆಳಿಗ್ಗೆ ಪೇಪರಲ್ಲಿ ಇವರ ಫೋಟೋ ನೋಡಿದೆ. ಅಂಗಡಿ ಮುಚ್ಚಿ ಓಡಿಬಂದೆ."

"ಅವನಿಗೆ ಹೇಳಿದ್ರಾ?"

"ಹೇಗೆ ಹೇಳಲಿ? ನಿನ್ನೆ ಬಾಗಿಲು ಹಾಕಿಕೊಂಡೋನು ಇವತ್ತು ಸೋಮವಾರವಾದ್ರೂ ತೆಗೆದಿಲ್ಲ. ಕಾಯ್ತಾ ಕೂತಿದ್ದಾನೋ ಏನೋ."

ಟೀಚರಮ್ಮ ಎದ್ದು ಒಲೆ ಆರಿಸಿದಳು. ಮುಖಕ್ಕೆ ತಣ್ಣೀರು ಎರಚಿಕೊಂಡು ನಡುಮನೆಗೆ ಬಂದಳು. ಮಗಳು ಪೆಟ್ಟಿಗೆಯ ಪಕ್ಕ ಮತ್ತೆ ಒದ್ದೆ ಬಟ್ಟೆ ಹಿಡಿದು ಕಾದಿದ್ದಳು.

"ಈಗಲಾದ್ರೂ ಒರೆಸಲಾ ಅಮ್ಮಾ?"

"ಬೇಡ."

ಬೆಳಿಗ್ಗೆ ಹೇಳಿದ್ದೂ ಅದನ್ನೇ. ಆದರೂ ಮಗಳು ತಾಯಿಯ ಮುಖವನ್ನು ದಿಟ್ಟಿಸಿ ಬಟ್ಟೆಯನ್ನು ಹಿಂಡಿ ಕೆಳಗಿಟ್ಟಳು. ಟೀಚರಮ್ಮ ಬಗ್ಗಿ ಆ ಗಟ್ಟಿ ಗೆಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ನನಗೆ ಹೇಳಿದ್ದಿದ್ರೆ ನಾನೇನು ಬೇಡ ಅಂತಿದ್ನಾ?" ಪೆಟ್ಟಿಗೆಯೊಳಗಿನವನಿಗಷ್ಟೇ ಕೇಳುವಂತೆ ಸಿಡುಕಿದಳು. "ಜೊತೆಗೇ ಬಂದು ನಿಲ್ತಿದ್ದೆ."

ಆಮೇಲೆ ಸಭಾಪಾಲಕರ ಕಡೆ ತಿರುಗಿದಳು. "ಅಯ್ಯನವರೇ, ಕೆಲಸ ಬಾಕಿ ಇದೆ ಅಂದಿದ್ರಂತಲ್ಲ. ಹೌದು, ಬಾಕಿ ಇತ್ತು. ತಾವು ಅನ್ಯಾಯ ಮಾಡಿದ ಒಬ್ಬನ ಜೊತೆ ಒಂದಾಗದೆ ಆ ರೊಟ್ಟಿ ಮುಟ್ಟಲಾರೆ ಅಂತ ಕೂತಿದ್ರು. ನಾನು ಬರೋವರೆಗೂ ಪೆಟ್ಟಿಗೆ ಮುಚ್ಚಬೇಡಿ."

"ಅಕ್ಕಾ! ಮನೇಲಿ ಹೆಣ ಇಟ್ಕೊಂಡು ಎಲ್ಲಿಗೆ ಹೊರಟೆ?" ತಂಗಿ ಅಡ್ಡ ಬಂದಳು. "ಜನ ಏನಂದ್ಕೋತಾರೆ?"

"ಹತ್ತೊಂಬತ್ತು ವರ್ಷ ಅಂದ್ಕೊಂಡಿದ್ದಾರೆ. ಇನ್ನೊಂದು ಗಂಟೆ ಅಂದ್ಕೊಳ್ಳಲಿ."

*

ಅಂದು ಹಿಂದಿರುಗಿದ ತಿರುವು ಬಂದಾಗ ಟೀಚರಮ್ಮನ ಕಾಲು ತಾನಾಗಿ ತಡೆಯಿತು. ಇಸ್ತ್ರಿಯವಳು ಮುಂದೆ ಹೋಗಿ ಕೈ ಮಾಡಿ ಕರೆದಳು. ಹೆಂಗಸರಿಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಬೀದಿ. ಮಹಡಿಗಳ ನಡುವೆ ಒಣಹಾಕಿದ ಹಾಸಿಗೆ ಬಟ್ಟೆಗಳು, ಎಲ್ಲೋ ರೇಡಿಯೋದಲ್ಲಿ ವಾರ್ತೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಾಗಿಲು ಎದುರಿಗಿತ್ತು.

ಬಿಸಿಲಿಗೆ ಬೆಂದು ಹುಡಿಹುಡಿಯಾದ ನೀಲಿ. ಆದರೆ ಬಲಗಡೆಯ ಹಲಗೆಯಲ್ಲಿ, ಎತ್ತರದ ಗಂಡಸೊಬ್ಬನ ಎದೆಮಟ್ಟದಲ್ಲಿ, ಅಂಗೈಯಗಲ ಬಣ್ಣವೇ ಇರಲಿಲ್ಲ. ಮರ ಕಾಣುತ್ತಿತ್ತು. ಆ ಮರವೂ ತುಸು ತಗ್ಗಾಗಿ, ಬಹಳ ಕಾಲ ಬಳಸಿದ ಚಮಚದ ಒಡಲಿನಂತೆ ನುಣುಪಾಗಿತ್ತು.

ಮಹಡಿಯ ಮೇಲಿನ ಕಿಟಕಿಯಲ್ಲಿ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಇಸ್ತ್ರಿಯವಳು ತನ್ನ ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಕಚ್ಚಿಕೊಂಡು ನಿಂತಳು.

ಏನು ಹೇಳಬೇಕೆಂದು ಟೀಚರಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಇವನು ಅಣ್ಣನ ಮುಖ ನೋಡಲು ಬರುತ್ತಾನೋ ಇಲ್ಲವೋ. ಬಾಗಿಲನ್ನು ಮುಖಕ್ಕೆ ಹಾಕಿದರೂ ಹಾಕಬಹುದು. ಹತ್ತೊಂಬತ್ತು ವರ್ಷ ತೆಗೆಯದವನು ಹೆಂಡತಿ ಬಂದಳೆಂದು ತೆಗೆಯುವನೇ? ಕಣ್ಣು ಮುಚ್ಚಿ, ಬಹಳ ವರ್ಷಗಳ ನಂತರ, ಯಾರೂ ಸಿಕ್ಕಿಬೀಳಲೆಂದು ಅಲ್ಲದೆ ಬೇರೇನನ್ನೋ ಬೇಡಿಕೊಂಡಳು. ಕೈ ಎತ್ತಿದಳು. ಗಂಡನಷ್ಟು ಎತ್ತರ ಅವಳಲ್ಲ. ಕೈ ಸವೆದ ಜಾಗದ ಕೆಳಗಿನ ಬಣ್ಣದ ಮೇಲೆ ಬಿತ್ತು.

ಒಂದು ಸಲ ತಟ್ಟಿ ನಿಂತಳು.

ಇನ್ನೊಂದು ಸಲ. ಒಳಗೆ ಕುರ್ಚಿ ಎಳೆದ ಸದ್ದು.

ಮೂರನೆಯದನ್ನು ತಟ್ಟಿ ಅವಳು ಹಲಗೆಗೆ ಕಿವಿಯಿಟ್ಟಳು. ಬರಿಗಾಲಿನ ಹೆಜ್ಜೆಗಳು ನಿಧಾನವಾಗಿ ಬಂದು ಬಾಗಿಲಾಚೆ ನಿಂತವು. ಮರದ ಆ ಬದಿಯಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ಚಿಲಕದ ಸದ್ದಿಲ್ಲ. ಟೀಚರಮ್ಮನ ಗೆಣ್ಣಿಗೆ ನೀಲಿ ಹುಡಿ ಮೆತ್ತಿಕೊಂಡಿತ್ತು; ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಎತ್ತಿದ ಕೈ ಇಳಿಸಲೂ ಇಲ್ಲ.

ಆಗ ಒಳಗಿನಿಂದ, ಅವಳ ಕಿವಿಗೆ ನೇರವಾಗಿ, ಹಲಗೆಯ ಮೇಲೆ ಒಂದು ಏಟು ಬಿತ್ತು. ಒಂದೇ ಒಂದು, ಅಂದು ತಪ್ಪಿದ್ದಷ್ಟೇ.